ಪಂಡಿತಾ ರಮಾಬಾಯಿಯವರ ವಿಶ್ವಾಸ ಜೀವಿತವು

ಮನೆಯ ಕಣಜವು ತುಂಬಿ, ಮಕ್ಕಳು ಆರೋಗ್ಯದಿಂದಿರುವಾಗ ದೇವರ ವಾಗ್ದಾನಗಳನ್ನು ನಂಬುವದು ಕಠಿಣವಲ್ಲ. ಕಣಜವು ಬರಿದಾಗಿ, ಸಹಾಯ ಮಾಡತಕ್ಕವರು ಒಬ್ಬೊಬ್ಬರಾಗಿ ಹಿಂದೆ ಸರಿದು, ಮುಂದಿನ ದಾರಿ ಕಾಣದೆ ಹೋದಾಗ ಅವುಗಳನ್ನು ನಂಬುವದು ಹೇಗೆ? ಈ ಸ್ಮರಣ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರಾಗಿದ್ದಾರೆ. ಸಂಸಾರದ ಭಾರವನ್ನು ಹೊರುತ್ತ ಈ ಪ್ರಶ್ನೆಯನ್ನು ಒಂದಲ್ಲ ಒಂದು ರಾತ್ರಿ ತಮ್ಮೊಳಗೆ ಕೇಳಿಕೊಂಡಿರುವರು. ಆದಕಾರಣ ನಮ್ಮ ಕನ್ನಡನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹಸಿವು, ಅನಾಥಸ್ಥಿತಿ, ವೈಧವ್ಯ, ಅಪವಾದ ಇವೆಲ್ಲವನ್ನೂ ಕಂಡು, ಕೊನೆಗೆ ಸಾವಿರಾರು ಅನಾಥೆಯರಿಗೆ ತಾಯಿಯಾದ ಪಂಡಿತಾ ರಮಾಬಾಯಿಯವರ ಚರಿತ್ರೆಯನ್ನು ಸಂಕ್ಷೇಪವಾಗಿ ಇಲ್ಲಿ ಬರೆಯಲು ಇಚ್ಛೈಸಿದ್ದೇವೆ. ಅವರ ಹೆಸರು ಪುಣೆ ಮುಂಬಯಿಗಳ ಸಂಗಡ ಕೂಡಿಕೊಂಡಿರುವದರಿಂದ ಅವರು ನಮ್ಮ ನಾಡಿನಲ್ಲಿ ಹುಟ್ಟಿದವರೆಂಬದನ್ನು ಬಹು ಮಂದಿ ಮರೆತಿರುವರು.

ಕಾರ್ಕಳದ ಹತ್ತಿರ ಮಾಳ ಎಂಬ ಗ್ರಾಮವುಂಟು. ಅಲ್ಲಿಯ ಚಿತ್ಪಾವನ ಬ್ರಾಹ್ಮಣ ಕುಲದಲ್ಲಿ ಅನಂತಶಾಸ್ತ್ರಿ ಡೋಂಗ್ರೆ ಎಂಬ ವಿದ್ವಾಂಸರಿದ್ದರು. ಅವರು ಯೌವನದಲ್ಲಿ ಪುಣೆಗೆ ಹೋಗಿ ಶಾಸ್ತ್ರಾಭ್ಯಾಸ ಮಾಡುತ್ತಿದ್ದಾಗ ಅವರ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಸ್ತ್ರೀಯೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಶುದ್ಧವಾಗಿ ಹೇಳುವದನ್ನು ಕೇಳಿ ಆ ಯುವಕನಿಗೆ ಬಹಳ ಆಶ್ಚರ್ಯವಾಯಿತು. ತನ್ನ ಮನೆಯ ಹೆಂಗಸರಿಗೂ ಈ ವಿದ್ಯೆಯನ್ನು ಕೊಡಬೇಕೆಂಬ ನಿಶ್ಚಯವು ಅಂದೇ ಅವರ ಮನಸ್ಸಿನಲ್ಲಿ ಬೇರೂರಿತು. ಮೊದಲನೆಯ ಪತ್ನಿಯ ಕಾಲದಲ್ಲಿ ಮನೆಯವರ ವಿರೋಧದಿಂದ ಅದು ಕೈಗೂಡಲಿಲ್ಲ. ಆಕೆಯು ತೀರಿಹೋದ ಮೇಲೆ, ಅವರು ನಾಲ್ವತ್ತು ವರುಷ ದಾಟಿದವರಾಗಿ ಯಾತ್ರೆಯಲ್ಲಿದ್ದಾಗ, ಗೋದಾವರಿ ತೀರದ ಪೈಠಣದಲ್ಲಿ ಬ್ರಾಹ್ಮಣ ಯಾತ್ರಿಕನೊಬ್ಬನು ತನ್ನ ಒಂಭತ್ತು ವರುಷದ ಮಗಳನ್ನು ಅವರಿಗೆ ಮದುವೆ ಮಾಡಿಕೊಟ್ಟನು. ಆ ಕಾಲದ ವಾಡಿಕೆಯು ಹಾಗಿತ್ತು. ಲಕ್ಷ್ಮೀಬಾಯಿ ಎಂಬ ಆ ಬಾಲೆಯನ್ನು ಶಾಸ್ತ್ರಿಗಳು ಮನೆಗೆ ಕರತಂದು ಸಂಸ್ಕೃತವನ್ನು ಕಲಿಸಲು ಆರಂಭಿಸಿದರು.

ಇದನ್ನು ಕೇಳಿ ಸ್ವಜನರು ಕೋಪಗೊಂಡರು. ಶಾಸ್ತ್ರಿಗಳು ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು ಉತ್ತರ ಕೊಡಬೇಕಾಯಿತು. ಸ್ತ್ರೀಯರಿಗೆ ವಿದ್ಯೆಯನ್ನು ಕೊಡುವದು ಶಾಸ್ತ್ರವಿರುದ್ಧವಲ್ಲವೆಂದು ಅವರು ಗ್ರಂಥಗಳ ಆಧಾರದಿಂದಲೇ ತೋರಿಸಿದರು. ಆದಾಗ್ಯೂ ಊರಿನಲ್ಲಿ ನೆಮ್ಮದಿ ದೊರೆಯದೆ, ಪತ್ನಿಯನ್ನು ಕರಕೊಂಡು ಪಶ್ಚಿಮಘಟ್ಟದ ಗಂಗಾಮೂಲ ಎಂಬ ನಿರ್ಜನವಾದ ಅಡವಿಗೆ ಹೋದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಸ್ಥಳವದು. ಅಲ್ಲಿ ಕಳೆದ ಮೊದಲನೆಯ ರಾತ್ರಿ ಮನೆಯಿರಲಿಲ್ಲ, ಮಾಡಿರಲಿಲ್ಲ. ಹತ್ತಿರದಲ್ಲಿಯೇ ಹುಲಿಯು ಗರ್ಜಿಸುತ್ತಿತ್ತು. ಆ ಎಳೆಯ ಹೆಣ್ಣುಮಗಳು ಭಯದಿಂದ ಕೌದಿಯನ್ನು ಸುತ್ತಿಕೊಂಡು ನೆಲದ ಮೇಲೆ ಮಲಗಿದ್ದಳು. ಪತಿಯು ಬೆಳಗಾಗುವ ತನಕ ಎಚ್ಚರವಾಗಿ ಕಾವಲಿದ್ದರು. ಜೋಯಿಡಾ ದಾಂಡೇಲಿಗಳ ಕಾಡಂಚಿನ ಹಳ್ಳಿಗಳಿಂದ ಮಕ್ಕಳನ್ನು ಶಾಲೆಗೆ ಕಳುಹಿಸುವ ತಂದೆತಾಯಿಗಳಿಗೆ ಅಂಥ ರಾತ್ರಿಯು ಎಂಥಾದ್ದೆಂದು ನಾವು ವಿವರಿಸಬೇಕಾದದ್ದಿಲ್ಲ. ಒಬ್ಬ ಹೆಣ್ಣುಮಗಳು ಓದು ಕಲಿಯುವದಕ್ಕೋಸ್ಕರ ಒಂದು ಕುಟುಂಬವು ಕೊಟ್ಟ ಬೆಲೆ ಇದು.

ಆ ಅಡವಿಯ ಆಶ್ರಮದಲ್ಲಿ ೧೮೫೮ನೆಯ ಇಸವಿ ಏಪ್ರಿಲ್ ೨೩ರಂದು ರಮಾಬಾಯಿಯು ಹುಟ್ಟಿದಳು. ಶಾಸ್ತ್ರಿಗಳು ತಮ್ಮಲ್ಲಿಗೆ ಬಂದ ವಿದ್ಯಾರ್ಥಿಗಳಿಗೂ ಯಾತ್ರಿಕರಿಗೂ ಕೈಬಿಚ್ಚಿ ಅನ್ನವಿಡುತ್ತಿದ್ದದರಿಂದ ಇದ್ದ ಆಸ್ತಿಯು ಕರಗಿ ಸಾಲವಾಯಿತು. ಮಗುವಿಗೆ ಆರು ತಿಂಗಳಾಗಿದ್ದಾಗ ಕುಟುಂಬವು ಆ ಮನೆಯನ್ನು ಬಿಟ್ಟು ಹೊರಟಿತು. ಶಿಶುವನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳೊಬ್ಬನು ತಲೆಯ ಮೇಲೆ ಹೊತ್ತು ಘಟ್ಟವನ್ನಿಳಿದನು. ಅಂದಿನಿಂದ ಅವರಿಗೆ ಸ್ಥಿರವಾದ ಮನೆಯೆಂಬದಿರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯುತ್ತ, ದೇವಾಲಯಗಳಲ್ಲಿ ಪುರಾಣಗಳನ್ನು ಓದಿ, ಕೇಳುವವರು ಕೊಟ್ಟ ಕಾಣಿಕೆಯಿಂದ ಜೀವಿಸುತ್ತಿದ್ದರು. ತಂದೆಗೆ ವಯಸ್ಸಾಗಿ ದೃಷ್ಟಿಯು ಮಂದವಾಗಿದ್ದದರಿಂದ ತಾಯಿಯೇ ಮಗಳಿಗೆ ಗುರುವಾದಳು. ಎಂಟನೆಯ ವರುಷದಿಂದ ಹದಿನೈದರ ವರೆಗೆ ಆಕೆಯು ತಾಯಿಯ ಬಾಯಿಂದಲೇ ಕಲಿತಳು. ಭಾಗವತದ ೧೮,೦೦೦ ಶ್ಲೋಕಗಳನ್ನು ಬಾಯಿಪಾಠ ಮಾಡಿಕೊಂಡಳು. ನಾಡಿನಿಂದ ನಾಡಿಗೆ ತಿರುಗುತ್ತ ಕನ್ನಡ, ಮರಾಠಿ, ಹಿಂದಿ ಭಾಷೆಗಳೂ, ಮುಂದೆ ಬಂಗಾಳಿಯೂ ಆಕೆಗೆ ಬಂದವು. ಹೆಣ್ಣುಮಕ್ಕಳನ್ನು ಎಳೆತನದಲ್ಲಿ ಮದುವೆ ಮಾಡುವದು ರೂಢಿಯಾಗಿದ್ದ ಆ ಕಾಲದಲ್ಲಿ, ಹಿರಿಯ ಮಗಳ ಬಾಳು ಕೆಟ್ಟದ್ದನ್ನು ಕಂಡಿದ್ದ ತಂದೆಯು ರಮಾಬಾಯಿಗೆ ಮದುವೆ ಮಾಡದೆ ವಿದ್ಯೆಯನ್ನೇ ಕೊಟ್ಟರು.

೧೮೭೪ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಕ್ಷಾಮವು ಬಂತು. ಕೇಳುವವರೇ ಹಸಿದಿರುವಾಗ ಪುರಾಣ ಓದುವವರಿಗೆ ಕೊಡುವವರಾರು? ಆಭರಣಗಳು ಹೋದವು, ಬೆಳ್ಳಿಯ ಹಿತ್ತಾಳೆಯ ಪಾತ್ರೆಗಳು ಹೋದವು, ಉಡುವ ಒಳ್ಳೆಯ ಬಟ್ಟೆಗಳೂ ಹೋದವು. ಇದ್ದ ಹಣವನ್ನು ಅವರು ವ್ರತದಾನಗಳಿಗೆ ವೆಚ್ಚಮಾಡಿ ದೇವತೆಗಳ ಅನುಗ್ರಹಕ್ಕಾಗಿ ಹಗಲೂ ರಾತ್ರಿ ಪ್ರಾರ್ಥಿಸಿದರು. ಕೂಲಿಯ ಕೆಲಸವನ್ನು ಅವರಲ್ಲಿ ಯಾರೂ ಕಲಿತಿರಲಿಲ್ಲ. ಭಿಕ್ಷೆ ಬೇಡಲು ಮಾನವು ಬಿಡಲಿಲ್ಲ. ಕಡೆಗೆ ತಿರುಪತಿಯ ಸಮೀಪದ ಅಡವಿಯನ್ನು ಹೊಕ್ಕು, ಹನ್ನೊಂದು ಹಗಲು ಹನ್ನೊಂದು ರಾತ್ರಿ ನೀರು, ಎಲೆ, ಒಂದು ಹಿಡಿ ಕಾಡು ಖರ್ಜೂರ ಇವುಗಳಿಂದ ಪ್ರಾಣ ಹಿಡಿದರು. ಮುದಿ ತಂದೆಯು ಪ್ರಾಣವನ್ನು ನೀರಿಗೆ ಅರ್ಪಿಸಲು ಸಿದ್ಧರಾಗಿ ಮಕ್ಕಳಿಂದ ಬೀಳ್ಕೊಂಡರು. ಎಲ್ಲರಿಗಿಂತ ಕಿರಿಯಳಾದ ರಮಾಬಾಯಿಯನ್ನು ತೋಳುಗಳಲ್ಲಿ ತಬ್ಬಿಕೊಂಡು, ಆಕೆಯನ್ನು ದೇವರ ಕೈಗೆ ಒಪ್ಪಿಸಿರುವದಾಗಿಯೂ ಆಕೆಯು ಆತನವಳಾಗಿ ಜೀವಮಾನವೆಲ್ಲ ಆತನ ಸೇವೆ ಮಾಡಬೇಕೆಂದೂ ತಿಳಿಸಿದರು. ಆಗ ಮಗನಾದ ಶ್ರೀನಿವಾಸನು ತಾನು ಯಾವ ಕೆಲಸವನ್ನಾದರೂ ಮಾಡಿ ಎಲ್ಲರನ್ನೂ ಸಾಕುವೆನೆಂದು ಬೇಡಿಕೊಂಡದರಿಂದ ಅವರು ಆ ಯೋಚನೆಯನ್ನು ಬಿಟ್ಟು ಅಡವಿಯಿಂದ ಹೊರಬಂದರು. ಆದರೆ ಅವರ ಶಕ್ತಿಯು ಕುಂದಿಹೋಗಿತ್ತು, ಸ್ವಲ್ಪದರಲ್ಲಿಯೇ ತೀರಿಕೊಂಡರು.

ಉಳಿದವರು ರಾಯಚೂರಿನ ತನಕ ನಡೆದರು. ಅಲ್ಲಿ ತಾಯಿಯು ಮೇಲಕ್ಕೇಳಲಾರದೆ ಮಲಗಿದಳು. ಹಸಿವಿನ ಜ್ವರದಲ್ಲಿ ಆಕೆಯು ಅನ್ನಕ್ಕಾಗಿ ಹಂಬಲಿಸಿದಾಗ, ರಮಾಬಾಯಿಯು ನೆರೆಮನೆಯ ಬಾಗಿಲಿಗೆ ಹೋಗಿ ನಿಂತಳು. ಎಷ್ಟೋ ಸಭೆಗಳಲ್ಲಿ ಶ್ಲೋಕಗಳನ್ನು ಹೇಳಿದ ಆ ನಾಲಿಗೆಯು ಒಂದು ತುಂಡು ರೊಟ್ಟಿಯನ್ನು ಕೇಳಲು ಏಳಲಿಲ್ಲ. ಸೆರಗಿನಿಂದ ಮುಖ ಮುಚ್ಚಿ ಅಳುತ್ತ ನಿಂತವಳನ್ನು ಕಂಡು ಮನೆಯಾಕೆಯು ತಾನಾಗಿಯೇ ಸಜ್ಜೆಯ ರೊಟ್ಟಿಯ ಚೂರನ್ನು ಕೊಟ್ಟಳು. ಆದರೆ ತಾಯಿಗೆ ಅದನ್ನು ನುಂಗುವ ಶಕ್ತಿಯೂ ಇರಲಿಲ್ಲ. ಆಕೆಯು ಸತ್ತಾಗ ಹೊರಲು ಜನರಿಲ್ಲ. ಇಬ್ಬರು ಬ್ರಾಹ್ಮಣರು ಮಾತ್ರ ಬಂದರು. ಮೂರನೆಯವನು ಮಗ, ನಾಲ್ಕನೆಯವಳು ಮಗಳು. ಸ್ಮಶಾನವು ಮೂರು ಮೈಲು ದೂರ. ರಮಾಬಾಯಿಯು ಗಿಡ್ಡಳಾಗಿದ್ದದರಿಂದ ಹೆಗಲಿಗೆ ಎಟುಕದ ಚಟ್ಟದ ಕೊನೆಯನ್ನು ತಲೆಯ ಮೇಲೆ ಹೊತ್ತು ನಡೆದಳು. ಹಿರಿಯ ಅಕ್ಕನೂ ಹೆಚ್ಚು ಕಾಲ ಉಳಿಯಲಿಲ್ಲ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಈ ತಂದೆತಾಯಿಗಳ ಭಕ್ತಿಯನ್ನು ಹಗುರವಾಗಿ ಎಣಿಸಕೂಡದು. ತಾವು ಅರಿತ ಮಟ್ಟಿಗೆ ಅವರು ಪ್ರಾಮಾಣಿಕರಾಗಿ ದೇವರನ್ನು ಹುಡುಕಿದರು. ತಮ್ಮಲ್ಲಿದ್ದ ಎಲ್ಲವನ್ನೂ ಕೊಟ್ಟರು. ಅವರ ಪ್ರಾರ್ಥನೆಗಳಿಗೆ ಉತ್ತರ ಬಂತೆಂದು ಆ ದಿವಸ ಯಾರೂ ಹೇಳುತ್ತಿರಲಿಲ್ಲ. ಮಗಳೂ ಹಾಗೆ ಹೇಳಲಿಲ್ಲ. ಅಣ್ಣತಂಗಿಯರು ಹಲವು ವರುಷ ಕಾಲ್ನಡೆಯಾಗಿ ಸಾವಿರಾರು ಮೈಲು ತಿರುಗಿದರು. ನೆನೆಹಾಕಿದ ಕಾಳಿಗೆ ತುಸು ಉಪ್ಪು ಬೆರಸಿ ತಿಂದರು. ಉತ್ತರದ ಝೇಲಮ್ ನದಿಯ ದಂಡೆಯಲ್ಲಿ ಹೊದಿಕೆಯಿಲ್ಲದೆ, ಚಳಿಗೆ ಮರಳಿನಲ್ಲಿ ಕುಣಿ ತೋಡಿ ಮೈಮೇಲೆ ಮರಳನ್ನೆಳೆದುಕೊಂಡು ರಾತ್ರಿಗಳನ್ನು ಕಳೆದರು. ಶಾಸ್ತ್ರೋಕ್ತವಾದ ನಿಯಮಗಳನ್ನೆಲ್ಲ ನಡಿಸಿದಾಗ್ಯೂ ಫಲವು ಕಾಣದಿದ್ದದರಿಂದ ಅವರ ನಂಬಿಕೆಯು ಸಡಿಲವಾಯಿತು. ಹದಿನಾರು ವರುಷದ ಹೆಣ್ಣುಮಗಳ ಎದೆಯಲ್ಲಿ ಆಗ ಎದ್ದ ಪ್ರಶ್ನೆಗೆ ಉತ್ತರವು ದೊರಕಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ವಿಶ್ವಾಸವು ಒಂದು ದಿವಸದಲ್ಲಿ ಬರದಿದ್ದರೆ ಎದೆಗುಂದುವವರು ಇದನ್ನು ನೆನಪಿನಲ್ಲಿಡಬೇಕು.

೧೮೭೮ರಲ್ಲಿ ಅಣ್ಣತಂಗಿಯರು ಕಲಕತ್ತೆಯನ್ನು ಮುಟ್ಟಿದರು. ಇಪ್ಪತ್ತು ವರುಷದ ಕನ್ಯೆಯೊಬ್ಬಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವದನ್ನು ಕೇಳಿ ಅಲ್ಲಿಯ ವಿದ್ವಾಂಸರು ಬೆರಗಾದರು. ಅವರೇ ಆಕೆಗೆ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. ಆದರೆ ೧೮೮೦ರಲ್ಲಿ ಅಣ್ಣನಾದ ಶ್ರೀನಿವಾಸನೂ ತೀರಿಹೋದನು. ಅದೇ ವರುಷ ಅವರು ಬಿಪಿನ್ ಬಿಹಾರಿ ದಾಸ್ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ವರನು ಬೇರೆ ಜಾತಿಯವರಾಗಿದ್ದದರಿಂದ ಎರಡು ಕಡೆಯವರೂ ದೂರವಾದರು. ೧೮೮೧ರಲ್ಲಿ ಮನೋರಮೆ ಎಂಬ ಮಗಳು ಹುಟ್ಟಿದಳು. ಹತ್ತು ತಿಂಗಳೂ ತುಂಬುವದರೊಳಗೆ, ೧೮೮೨ರ ಫೆಬ್ರುವರಿಯಲ್ಲಿ, ಕಾಲರಾ ರೋಗದಿಂದ ಪತಿಯು ಮೃತರಾದರು. ಇಪ್ಪತ್ತಮೂರು ವರುಷದ ವಿಧವೆ, ತೋಳಲ್ಲಿ ಕೂಸು, ತವರಿಲ್ಲ, ಅತ್ತೆಮನೆಯಿಲ್ಲ.

ಪತಿಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯಲ್ಲಿ ಅಚ್ಚಾದ ಲೂಕನ ಸುವಾರ್ತೆಯೊಂದು ಅವರಿಗೆ ಸಿಕ್ಕಿತ್ತು. ಅದನ್ನು ಅವರು ಕುತೂಹಲದಿಂದ ಓದಿದ್ದರು. ಪುಣೆಗೆ ಬಂದು ೧೮೮೨ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಮರಾಠಿ ಗ್ರಂಥವನ್ನು ಬರೆದರು. ವಿದ್ಯಾಭ್ಯಾಸದ ವಿಷಯವಾಗಿ ಸರಕಾರವು ನೇಮಿಸಿದ್ದ ಹಂಟರ್ ಕಮಿಶನ್ನಿನ ಮುಂದೆ, ಹೆಣ್ಣುಮಕ್ಕಳಿಗೆ ಹೆಂಗಸರೇ ಉಪಾಧ್ಯಾಯಿನಿಯರಾಗಬೇಕೆಂದೂ ಸ್ತ್ರೀ ವೈದ್ಯರು ತಯಾರಾಗಬೇಕೆಂದೂ ಸಾಕ್ಷಿ ನುಡಿದರು. ತಾವೇ ವೈದ್ಯವಿದ್ಯೆಯನ್ನು ಕಲಿಯಬೇಕೆಂದು ೧೮೮೩ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿಯು ಮಂದವಾದದರಿಂದ ಆ ಬಾಗಿಲು ಮುಚ್ಚಿಕೊಂಡಿತು. ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಸಂಗಡ ಇದ್ದಾಗ, ಜಾರಿಬಿದ್ದ ಸ್ತ್ರೀಯರನ್ನು ಅವರು ಪ್ರೀತಿಯಿಂದ ಎತ್ತಿ ನಿಲ್ಲಿಸುವದನ್ನು ಕಣ್ಣಾರೆ ಕಂಡರು. ಇಂಥ ಕರುಣೆಯು ಎಲ್ಲಿಂದ ಬಂತೆಂದು ವಿಚಾರಿಸಿದಾಗ ಸಮಾರ್ಯದ ಸ್ತ್ರೀಯ ವೃತ್ತಾಂತವನ್ನು ತೋರಿಸಿದರು. ಆ ವರುಷದ ಸೆಪ್ಟೆಂಬರ್ ೨೯ರಂದು ಮಗಳ ಸಂಗಡ ದೀಕ್ಷಾಸ್ನಾನವನ್ನು ಹೊಂದಿದರು. ಆದರೆ ಇತರರು ಹೇಳಿದರೆಂಬ ಮಾತ್ರಕ್ಕೆ ಯಾವದನ್ನೂ ಒಪ್ಪುವ ಸ್ವಭಾವವು ಅವರದಲ್ಲ. ಸಭೆಯ ಉಪದೇಶಗಳನ್ನು ಕುರಿತು ತಮಗೆ ಉಪಕಾರ ಮಾಡಿದ ಸಹೋದರಿಯರೊಡನೆಯೂ ನಿಷ್ಠುರವಾಗಿ ವಾದಿಸಿದರು. ತಮ್ಮ ಮನಸ್ಸಾಕ್ಷಿಯು ಒಪ್ಪಿದ್ದನ್ನು ಮಾತ್ರ ನುಡಿದರು.

೧೮೮೬ರಲ್ಲಿ ಅಮೇರಿಕಕ್ಕೆ ಹೋಗಿ, ನಮ್ಮ ದೇಶದ ವಿಧವೆಯರ ಸ್ಥಿತಿಯನ್ನು ಊರೂರಿಗೆ ತಿಳಿಸಿ, ಅದನ್ನು ಕುರಿತು ೧೮೮೭ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅಲ್ಲಿಯ ಜನರು ಬೋಸ್ಟನ್ ಪಟ್ಟಣದಲ್ಲಿ ಸಂಘವೊಂದನ್ನು ಕಟ್ಟಿ, ಹತ್ತು ವರುಷಗಳ ತನಕ ಹಣ ಕೊಡುವೆವೆಂದು ಮಾತುಕೊಟ್ಟರು. ೧೮೮೯ನೆಯ ಮಾರ್ಚ್ ೧೧ರಂದು ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯು ತೆರೆಯಿತು. ಮೊದಲು ಬಂದವರು ಇಬ್ಬರೇ. ಅವರಲ್ಲಿ ಗೋದೂಬಾಯಿ ಎಂಬ ಬಾಲವಿಧವೆಯು ಮುಂದೆ ಮಹರ್ಷಿ ಕರ್ವೆಯವರ ಧರ್ಮಪತ್ನಿಯಾಗಿ ಸ್ತ್ರೀಶಿಕ್ಷಣಕ್ಕಾಗಿ ಬಹಳ ದುಡಿದರು. ಮರುವರುಷ ಶಾಲೆಯು ಪುಣೆಗೆ ಬಂತು.

ಶಾಲೆಯಲ್ಲಿ ಯಾರಿಗೂ ಮತವನ್ನು ಬಲಾತ್ಕಾರವಾಗಿ ಬೋಧಿಸುವದಿಲ್ಲವೆಂದು ಗೊತ್ತುಮಾಡಿದ್ದರು. ಆದರೆ ತಾಯಿಯು ತನ್ನ ಕೋಣೆಯ ಬಾಗಿಲು ತೆರೆದಿಟ್ಟು ಪ್ರಾರ್ಥಿಸುವಾಗ ಮಕ್ಕಳು ಬಂದು ಕೂತುಕೊಂಡರೆ ಅವರನ್ನು ಹೊರಡಿಸಲು ರಮಾಬಾಯಿಯವರು ಒಪ್ಪಲಿಲ್ಲ. ಇದರಿಂದ ಪುಣೆಯ ಪತ್ರಿಕೆಗಳಲ್ಲಿ ದೊಡ್ಡ ಕೋಲಾಹಲವಾಯಿತು. ೧೮೯೩ರಲ್ಲಿ ಸಲಹೆಗಾರರಾದ ದೊಡ್ಡ ಮನುಷ್ಯರು ಕೈಬಿಟ್ಟರು; ಪೋಷಕರು ಇಪ್ಪತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡು ಹೋದರು. ಮಗಳನ್ನು ಪರರ ಕೈಗೊಪ್ಪಿಸುವ ತಂದೆತಾಯಿಗಳ ಭಯವನ್ನು ನಾವು ಅಲ್ಲಗಳೆಯುವದಿಲ್ಲ. ಶಾಲೆಯನ್ನು ನಡಿಸುವವರು ಅದನ್ನು ಗೌರವಿಸಲೇಬೇಕು. ಆದರೂ ತಾನು ಯಾರಿಗೋಸ್ಕರ ದೇಶಾಂತರಗಳನ್ನು ಸುತ್ತಿ ಬಂದಳೋ ಆ ಮಕ್ಕಳ ಗಾಡಿಗಳು ಬಾಗಿಲಿನಿಂದ ಹೊರಟುಹೋಗುವದನ್ನು ನೋಡಿದ ಆ ಸ್ತ್ರೀಯ ಎದೆಯು ಹೇಗಿದ್ದೀತು? ಅವರು ಶಾಲೆಯನ್ನು ಮುಚ್ಚಲಿಲ್ಲ. ಉಳಿದವರಿಗೆ ಮರುದಿವಸವೂ ಪಾಠ ನಡೆಯಿತು.

ಹತ್ತು ವರುಷಗಳ ಅವಧಿಯು ತೀರಿದ ಮೇಲೆ ಏನು ಗತಿಯೆಂದು ಅವರು ಮುಂದಾಗಿಯೇ ಯೋಚಿಸಿದ್ದರು. ಪುಣೆಯಿಂದ ಸುಮಾರು ೩೪ ಮೈಲು ದೂರದ ಕೇಡಗಾಂವದಲ್ಲಿ ಸುಮಾರು ನೂರು ಎಕರೆ ಭೂಮಿಯನ್ನು ಕೊಂಡು, ಬಾವಿಗಳನ್ನು ತೋಡಿಸಿ, ಕಿತ್ತಳೆ, ನಿಂಬೆ, ಮಾವಿನ ಗಿಡಗಳನ್ನು ಹಚ್ಚಿದರು. ಹಣ್ಣಿನ ಹುಟ್ಟುವಳಿಯಿಂದ ಶಾಲೆಯು ನಡೆಯಬೇಕೆಂಬದು ಅವರ ಎಣಿಕೆ. ಅದು ವಿವೇಕದ ಎಣಿಕೆಯೇ ಆಗಿತ್ತು. ಗಿಡಗಳು ಫಲ ಕೊಡುವದಕ್ಕೆ ಮುಂಚೆಯೇ, ೧೮೯೬ರಲ್ಲಿ, ಮಧ್ಯಪ್ರಾಂತಗಳಲ್ಲಿ ಕ್ಷಾಮವು ತಲೆದೋರಿತು.

ಅವರ ಬಳಿಯಲ್ಲಿ ಹೆಚ್ಚಿನ ಹಣವಿರಲಿಲ್ಲ. ಇದ್ದದ್ದು ಶಾಲೆಯ ಮಕ್ಕಳಿಗೆ ಸರಿಯಾಗಿತ್ತು. ಸುಮ್ಮನಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ರಾಯಚೂರಿನ ಆ ರೊಟ್ಟಿಯ ಚೂರು ಅವರಿಗೆ ಮರೆತಿರಲಿಲ್ಲ. ಅವರು ಕ್ಷಾಮದ ಸೀಮೆಗೆ ಹೋದರು; ಎಲುಬಿನ ಗೂಡುಗಳಾಗಿ, ಮೈಯೆಲ್ಲ ಹುಣ್ಣಾಗಿ, ಕೆಟ್ಟವರ ಕೈಗೆ ಬೀಳಲಿದ್ದ ಎಳೆಯ ಹೆಣ್ಣುಮಕ್ಕಳನ್ನು ಕಂಡರು. ಮುನ್ನೂರು ಮಂದಿಯನ್ನಾದರೂ ಉಳಿಸಬೇಕೆಂದು ನಿಶ್ಚಯಿಸಿದರು. ಹಣವು ಬಂದ ಮೇಲೆ ಮಕ್ಕಳನ್ನು ತರುತ್ತೇನೆಂದು ಅವರು ಹೇಳಲಿಲ್ಲ. ಮಕ್ಕಳನ್ನು ತಂದ ಮೇಲೆ ಅನ್ನಕ್ಕಾಗಿ ದೇವರ ಕಡೆಗೆ ನೋಡಿದರು. ಆ ಹೊತ್ತಿಗೇ ಪುಣೆಯಲ್ಲಿ ಪ್ಲೇಗ್ ರೋಗವು ಹಬ್ಬಿ, ಊರೊಳಗೆ ಅಷ್ಟು ಜನರನ್ನು ಇರಿಸಕೂಡದೆಂದು ಅಧಿಕಾರಿಗಳು ತಡೆದದರಿಂದ, ಅವರನ್ನು ಕೇಡಗಾಂವದ ತೋಟಕ್ಕೆ ಕರಕೊಂಡು ಹೋದರು. ಅಲ್ಲಿ ಮನೆಗಳಿರಲಿಲ್ಲ, ಡೇರೆಗಳಲ್ಲಿಯೂ ಹುಲ್ಲಿನ ಚಪ್ಪರಗಳಲ್ಲಿಯೂ ವಾಸ. ಹಣ್ಣಿಗಾಗಿ ಕೊಂಡ ಭೂಮಿಯು ಹೀಗೆ ಮಕ್ಕಳಿಗೆ ಆಶ್ರಯವಾಯಿತು. ಆ ನಿವಾಸಕ್ಕೆ ಮುಕ್ತಿ ಎಂಬ ಹೆಸರಾಯಿತು.

೧೮೯೮ರಲ್ಲಿ ಹತ್ತು ವರುಷಗಳ ಒಪ್ಪಂದವು ಮುಗಿಯಿತು. ಶಾರದಾ ಸದನದ ಸಹಾಯಕ್ಕಾಗಿ ಅಮೇರಿಕದಲ್ಲಿ ಹೊಸ ಸಂಘವು ಏರ್ಪಟ್ಟಿತಾದರೂ ಕ್ಷಾಮದಿಂದ ಬಂದ ನೂರಾರು ಮಕ್ಕಳಿಗೆ ಗೊತ್ತಾದ ಆದಾಯವೆಂಬದೇ ಇರಲಿಲ್ಲ. ಅಷ್ಟರಲ್ಲಿ ೧೯೦೦ನೆಯ ಇಸವಿಯ ಮಹಾಕ್ಷಾಮವು ಗುಜರಾತವನ್ನು ಹೊಡೆಯಿತು. ರಮಾಬಾಯಿಯವರು ತಮ್ಮಲ್ಲಿ ಬೆಳೆದ ಹೆಣ್ಣುಮಕ್ಕಳನ್ನೇ ಅಲ್ಲಿಗೆ ಕಳುಹಿಸಿ ಇನ್ನೂ ನೂರಾರು ಅನಾಥೆಯರನ್ನು ತರಿಸಿದರು. ಮುಕ್ತಿಯಲ್ಲಿ ಉಣ್ಣುವವರ ಸಂಖ್ಯೆಯು ೨೦೦೦ಕ್ಕೆ ಸಮೀಪವಾಯಿತು.

ಆ ವರುಷ ಕೇಡಗಾಂವದ ಸುತ್ತಲೂ ಮಳೆಯಿಲ್ಲ. ಅಡಿಗೆಗೆ, ಸ್ನಾನಕ್ಕೆ, ದನಗಳಿಗೆ, ಕಟ್ಟಡದ ಕೆಲಸಕ್ಕೆ ಬಾವಿಗಳ ನೀರೇ ಆಧಾರ. ಅವರ ಜೀವನವನ್ನು ಬರೆದವರು ತಿಳಿಸುವದೇನಂದರೆ, ಸಾಯಂಕಾಲಕ್ಕೆ ಕೊನೆಯ ಕೊಡದ ತನಕ ಬಾವಿಗಳು ಬರಿದಾಗುತ್ತಿದ್ದವು. ನಾಳೆಗೆ ನೀರಿಲ್ಲವೆಂದು ಕೆಲಸಗಾರರು ಹೇಳುತ್ತಿದ್ದರು. ಬೆಳಗಾದರೆ ಆ ದಿವಸಕ್ಕೆ ಬೇಕಾಗುವಷ್ಟು ನೀರು ಊರಿರುತ್ತಿತ್ತು. ಎರಡು ದಿವಸಗಳಿಗೆ ಸಾಲುವಷ್ಟು ನೀರು ಒಮ್ಮೆಯೂ ಇರಲಿಲ್ಲ. ಸತ್ಯವೇದದಲ್ಲಿ ಎಲೀಯನನ್ನು ಸಾಕಿದ ಚಾರೆಪ್ತದ ವಿಧವೆಯ ಮನೆಯಲ್ಲಿಯೂ ಹೀಗೆಯೇ ನಡೆಯಿತೆಂದು ನಮ್ಮ ವಿದ್ಯಾರ್ಥಿನಿಯರು ಓದಿರುವರು. ಮಡಕೆಯ ಹಿಟ್ಟು ಅಂದಂದಿಗೆ ಸಾಲುತ್ತಿತ್ತಲ್ಲದೆ ಆಕೆಯ ಮನೆಯಲ್ಲಿ ಮೂಟೆಗಳು ಕೂಡಿಬೀಳಲಿಲ್ಲ. ದೇವರ ವಾಗ್ದಾನಗಳು ಬಹುಶಃ ಈ ರೀತಿಯಲ್ಲಿಯೇ ನೆರವೇರುತ್ತವೆ. ಹತ್ತು ವರುಷಗಳ ಭದ್ರತೆಯನ್ನು ನಾವು ಕೇಳುತ್ತೇವೆ. ಆತನು ಇಂದಿನ ಕೊಡವನ್ನು ತುಂಬಿಸುತ್ತಾನೆ. ನಾಳೆ ಮತ್ತೆ ಹಗ್ಗವನ್ನು ಇಳಿಬಿಡುವ ಧೈರ್ಯವೇ ವಿಶ್ವಾಸವು.

ಆದರೆ ರಮಾಬಾಯಿಯವರು ಕೈಕಟ್ಟಿ ಕೂತು ಕಾದವರೆಂದು ಯಾರೂ ತಿಳಿಯಬಾರದು. ಬಾವಿಯಲ್ಲಿ ನೀರು ಊರಬೇಕಾದರೆ ಯಾರಾದರೂ ಬಾವಿಯನ್ನು ತೋಡಿರಬೇಕಷ್ಟೆ. ಸ್ವಂತ ಕುಟುಂಬದಲ್ಲಿ ಅವರು ಕಂಡ ಕೊರತೆಯು ಭಕ್ತಿಯದಲ್ಲ, ವಿದ್ಯೆಯದೂ ಅಲ್ಲ. ಕೈಗೆ ಕೆಲಸವು ತಿಳಿಯದಿದ್ದದ್ದು. ಆದದರಿಂದ ಮುಕ್ತಿಯಲ್ಲಿ ಓದುಬರಹದ ಸಂಗಡ ಪ್ರತಿಯೊಬ್ಬ ಹೆಣ್ಣುಮಗಳೂ ಒಂದು ಉದ್ಯೋಗವನ್ನು ಕಲಿಯುತ್ತಿದ್ದಳು. ನೇಯ್ಗೆ, ಹೊಲಿಗೆ, ಹೈನು, ಒಕ್ಕಲುತನ, ಎಣ್ಣೆಯ ಗಾಣ, ಅಚ್ಚುಕೂಟದ ಕೆಲಸ, ಇವೆಲ್ಲ ಅಲ್ಲಿ ಹೆಂಗಸರ ಕೈಯಿಂದಲೇ ನಡೆಯುತ್ತಿದ್ದವು. ಜಾರಿಬಿದ್ದ ಸ್ತ್ರೀಯರಿಗೆ ಕೃಪಾ ಸದನ, ಮುದುಕಿಯರಿಗೂ ಅಶಕ್ತರಿಗೂ ಪ್ರೀತಿ ಸದನ, ಕುರುಡರಿಗೆ ಬಾರ್ತಿಮಿ ಸದನ ಎಂದು ಬೇರೆ ಬೇರೆ ಮನೆಗಳಾದವು. ಮಗಳು ಮನೋರಮೆಯು ಅಮೇರಿಕದಲ್ಲಿ ಓದಿ ಬಂದು ತಾಯಿಗೆ ಬಲಗೈಯಾದಳು. ಕುರುಡ ಮಕ್ಕಳು ಬೆರಳಿನಿಂದ ಮುಟ್ಟಿ ಓದುವ ಬ್ರೇಲ್ ಲಿಪಿಯನ್ನು ಕಲಿಸಿದಳು. ಮುಂದೆ ನಮ್ಮ ನಾಡಿನ ಗುಲ್ಬರ್ಗದಲ್ಲಿ, ಎಂದರೆ ಈಗಿನ ಕಲಬುರಗಿಯಲ್ಲಿ, ಆಕೆಯ ಸಹಾಯದಿಂದ ಕ್ರೈಸ್ತ ಪ್ರೌಢಶಾಲೆಯೊಂದು ಸ್ಥಾಪಿತವಾಯಿತು. ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತ ರಾಯಚೂರಿಗೆ ಅದು ನೆರೆಯ ಸೀಮೆ.

ಕಡೆಯ ಹದಿನೈದಕ್ಕೂ ಹೆಚ್ಚು ವರುಷಗಳನ್ನು ರಮಾಬಾಯಿಯವರು ಸತ್ಯವೇದವನ್ನು ಮರಾಠಿಗೆ ತಿರುಗಿಸುವ ಕೆಲಸದಲ್ಲಿ ಕಳೆದರು. ಅದಕ್ಕಾಗಿ ಇಬ್ರಿಯ, ಗ್ರೀಕ ಭಾಷೆಗಳನ್ನು ನಡುವಯಸ್ಸಿನಲ್ಲಿ ಕಲಿತರು. ಸಂಸ್ಕೃತದ ಮಹಾಪಂಡಿತೆಯಾಗಿದ್ದರೂ ಅವರು ಆರಿಸಿಕೊಂಡದ್ದು ಹಳ್ಳಿಯ ಹೆಂಗಸರಿಗೆ ತಿಳಿಯುವ ಸುಲಭವಾದ ಮಾತುಗಳನ್ನು. ಹಳಿಯಾಳ ಜೋಯಿಡಾ ಸೀಮೆಗಳಲ್ಲಿ ಮರಾಠಿ ಕೊಂಕಣಿಗಳನ್ನಾಡುವ ಮನೆಗಳಿಂದ ಬಂದು ಕನ್ನಡದಲ್ಲಿ ಪಾಠ ಕೇಳುವ ನಮ್ಮ ಮಕ್ಕಳಿಗೆ, ತಿಳಿಯುವ ಮಾತಿನಲ್ಲಿ ಹೇಳುವದರ ಬೆಲೆಯು ಗೊತ್ತೇ ಇದೆ. ಅಕ್ಷರಗಳನ್ನು ಜೋಡಿಸಿ ಅಚ್ಚುಹಾಕಿದವರೂ ಮುಕ್ತಿಯ ಹೆಣ್ಣುಮಕ್ಕಳೇ. ೧೯೧೯ರಲ್ಲಿ ಸರಕಾರವು ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು.

ಇಷ್ಟಾದ ಮೇಲೆ ಅವರ ಸಾಯಂಕಾಲವು ಸುಖವಾಗಿತ್ತೆಂದು ಬರೆಯುವದಕ್ಕೆ ನಮಗೆ ಮನಸ್ಸು. ಸತ್ಯವು ಹಾಗಿಲ್ಲ. ತನ್ನ ತರುವಾಯ ಮುಕ್ತಿಯನ್ನು ನಡಿಸಬೇಕೆಂದು ಅವರು ತಯಾರು ಮಾಡಿದ್ದ ಒಬ್ಬಳೇ ಮಗಳು ಮನೋರಮೆಯು ೧೯೨೧ರ ಜುಲೈ ೨೪ರಂದು, ನಾಲ್ವತ್ತನೆಯ ವಯಸ್ಸಿನಲ್ಲಿ, ಮೃತಳಾದಳು. ತಂದೆ, ತಾಯಿ, ಅಕ್ಕ, ಅಣ್ಣ, ಪತಿ ಎಲ್ಲರನ್ನೂ ಕಳುಹಿಸಿಕೊಟ್ಟ ತಾಯಿಯು ಈಗ ಮಗಳನ್ನೂ ಮಣ್ಣಿಗೊಪ್ಪಿಸಿದಳು. ಕಿವಿ ಕೇಳಿಸದು, ದೇಹವು ಸೋತಿತ್ತು. ಆದಾಗ್ಯೂ ಭಾಷಾಂತರದ ಕೆಲಸವನ್ನು ಬಿಡಲಿಲ್ಲ. ೧೯೨೨ನೆಯ ಏಪ್ರಿಲ್ ೫ರಂದು ರಮಾಬಾಯಿಯವರು ಕರ್ತನಲ್ಲಿ ನಿದ್ರೆಹೋದರು. ಅವರ ಮರಾಠಿ ಸತ್ಯವೇದವು ಸಂಪೂರ್ಣವಾಗಿ ಪ್ರಕಟವಾದದ್ದು ೧೯೨೪ರಲ್ಲಿ; ಅದನ್ನು ಕಣ್ಣಾರೆ ಕಾಣಲು ಅವರು ಇರಲಿಲ್ಲ. ಕೇಡಗಾಂವದ ಮುಕ್ತಿ ನಿವಾಸವು ಇಂದಿಗೂ ನಡೆಯುತ್ತಿದೆ. ೧೯೮೯ರಲ್ಲಿ ಭಾರತ ಸರಕಾರವು ಅವರ ಸ್ಮರಣೆಗಾಗಿ ಅಂಚೆ ಚೀಟಿಯನ್ನು ಹೊರಡಿಸಿತು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದು ಬಹಳವುಂಟು. ಒಂದನ್ನು ಮಾತ್ರ ಇಲ್ಲಿ ಒತ್ತಿ ಹೇಳುತ್ತೇವೆ. ದೇವರನ್ನು ನಂಬಿದವರಿಗೆ ಹಸಿವು ಬಾರದು, ಮರಣವು ಮನೆಯನ್ನು ಮುಟ್ಟದು ಎಂದು ಆತನು ಎಲ್ಲಿಯೂ ವಾಗ್ದಾನ ಮಾಡಿಲ್ಲ. ಹಾಗೆಂದು ನಮ್ಮ ಮಕ್ಕಳಿಗೆ ಕಲಿಸಿದರೆ ಮೊದಲನೆಯ ಕಷ್ಟದಲ್ಲಿಯೇ ಅವರ ನಂಬಿಕೆಯು ಮುರಿದುಬೀಳುವದು. ಆತನು ಕೈಬಿಡುವದಿಲ್ಲವೆಂಬದೂ, ನಮ್ಮ ಕಣ್ಣೀರನ್ನು ವ್ಯರ್ಥಮಾಡುವದಿಲ್ಲವೆಂಬದೂ ಆತನ ವಾಗ್ದಾನವು. ಕ್ಷಾಮದಲ್ಲಿ ತಂದೆಯು ಮಗಳನ್ನು ದೇವರ ಕೈಗೊಪ್ಪಿಸಿದಾಗ ಆ ಮಾತು ಗಾಳಿಗೆ ಹೋಯಿತೆಂದು ಯಾರಾದರೂ ಎಣಿಸಬಹುದಾಗಿತ್ತು. ಇಪ್ಪತ್ತೆರಡು ವರುಷಗಳ ತರುವಾಯ ಇನ್ನೊಂದು ಕ್ಷಾಮದಲ್ಲಿ, ಮುನ್ನೂರು ಅನಾಥೆಯರನ್ನು ತಬ್ಬಿಕೊಳ್ಳುವ ತೋಳುಗಳಾಗಿ ಅದು ಫಲಿಸಿತು. ಹಸಿವನ್ನು ಕಾಣದವಳು ಅವರನ್ನು ಹುಡುಕಿ ಹೋಗುತ್ತಿದ್ದಳೋ ಇಲ್ಲವೋ ನಾವು ಹೇಳಲಾರೆವು.

ನಮ್ಮ ಶಾಲೆಯನ್ನು ಬಿಟ್ಟುಹೋದ ಹೆಣ್ಣುಮಕ್ಕಳು ಈಗ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಗಳ ಹಳ್ಳಿ ಪೇಟೆಗಳಲ್ಲಿಯೂ ದೂರದ ಪಟ್ಟಣಗಳಲ್ಲಿಯೂ ಚದರಿದ್ದಾರೆ. ಬೇರೆ ಬೇರೆ ಮತಗಳಲ್ಲಿ ಹುಟ್ಟಿ ಬೆಳೆದವರು ಅವರಲ್ಲಿದ್ದಾರೆ. ಯಾರ ಮನೆಯಲ್ಲಿ ಈ ವರುಷ ಬೆಳೆಯು ಕೈಕೊಟ್ಟಿದೆಯೋ, ಯಾರ ಕುಂಕುಮವು ಅಳಿದಿದೆಯೋ, ಯಾರು ಮಗಳ ಓದನ್ನು ನಿಲ್ಲಿಸಬೇಕೋ ಎಂದು ರಾತ್ರಿ ಲೆಕ್ಕ ಹಾಕುತ್ತಿರುವರೋ ಅವರು ಈ ಸ್ತ್ರೀಯನ್ನು ನೆನಸಿಕೊಳ್ಳಲಿ. ಇಂದಿಗೆ ಬೇಕಾದ ಕೆಲಸವನ್ನು ಇಂದು ಮಾಡಲಿ. ಬಾಗಿಲಿಗೆ ಬಂದು ಕೇಳಲಾರದೆ ನಿಂತ ಮಗುವಿದ್ದರೆ, ರಾಯಚೂರಿನ ಆ ಹೆಸರಿಲ್ಲದ ಮನೆಯಾಕೆಯ ಹಾಗೆ ರೊಟ್ಟಿಯ ಚೂರನ್ನು ಕೊಡಲಿ. ನಾಳೆಯ ನೀರನ್ನು ಊರಿಸುವಾತನು ರಾತ್ರಿಯಲ್ಲಿ ನಿದ್ರಿಸುವದಿಲ್ಲ. ಆತನ ಕೃಪೆಯು ನಿಮ್ಮೆಲ್ಲರ ಸಂಗಡ ಇರಲಿ.